ಮರೆವಿನ ರೋಗ, ಮನೆತನದ ಜೀನು ಮತ್ತು ದೀರ್ಘಕಾಲದ ಕಾಯಿಲೆಗಳ ಕೂಡು ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಮರೆವಿನ ರೋಗವಿರುವ ಹಿರಿಯರ ಮನೆಯವರು ಮಾತಿನಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಬಹಳಷ್ಟು ಜನ ವಂಶದಿಂದ ಬರುವ ಭಯವನ್ನೇ ಮೊದಲು ಹೇಳುತ್ತಾರೆ. ಆದರೆ ಅವರ ಕೈಚೀಲದಲ್ಲಿರುವ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಹಳೆಯ ಚೀಟಿಗಳು ಮುಂದಿನ ದಾರಿಯನ್ನು ಜೀನಿಗಿಂತ, ಅಂದರೆ ವಂಶವಾಹಿಗಿಂತ, ಹೆಚ್ಚು ತಿಳಿಸುತ್ತವೆ ಎಂಬುದು ಈ ಬರಹದ ನಿಲುವು. ಯಾವುದೇ ಮಾತ್ರೆಯನ್ನು ಶುರುಮಾಡುವುದಾಗಲಿ ನಿಲ್ಲಿಸುವುದಾಗಲಿ ರೋಗಿಯನ್ನು ನೋಡುತ್ತಿರುವ ವೈದ್ಯರ ಸಲಹೆಯ ಮೇಲೆಯೇ ನಡೆಯಬೇಕು.

## ಮೊದಲು ತಿಳಿಯಬೇಕಾದದ್ದು

ಅರವತ್ತು ದಾಟಿದ ಮ್ಯಾಲ ಅರಳುಮರಳು ಎಲ್ಲಾರಿಗೂ ಬರೋದೇ ಅಲ್ಲೇನ್ರಿ? ಇದಕ್ಯಾಕ ದವಾಖಾನಿಗಿ ಹೋಗಬೇಕು?

ವಯಸ್ಸಾದಂತೆ ನೆನಪು ನಿಧಾನವಾಗುವುದು ಸಹಜ, ಆದರೆ ಮರೆವಿನ ರೋಗ, ಅಂದರೆ ಡಿಮೆನ್ಶಿಯಾ, ಸಹಜವಲ್ಲ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ರೋಗವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಎಂದರೆ ಹತ್ತು ಹಿರಿಯರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ಇದು ಇಲ್ಲ. ಅದೇ ಅಧ್ಯಯನದಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ರೋಗದ ಪ್ರಮಾಣ ಹೆಚ್ಚಿತ್ತು.

ಬೀಗರ ಹೆಸರು ತಕ್ಷಣ ಹೊಳೆಯದೆ ಸಂಜೆಗೆ ನೆನಪಾದರೆ ಚಿಂತಿಸಬೇಕಿಲ್ಲ. ಜೀವಮಾನವಿಡೀ ರೊಟ್ಟಿ ಬಡಿದ ಕೈಗೆ ಹಿಟ್ಟು ನಾದುವ ಕ್ರಮವೇ ತಪ್ಪಿದರೆ, ಸಂತೆಯ ಚಿಲ್ಲರೆ ಲೆಕ್ಕ ಹತ್ತದಿದ್ದರೆ, ಕಣ್ಣಿ ಮಾರ್ಕೆಟ್‌ನಿಂದ ಮನೆಗೆ ಬರುವ ದಾರಿ ತಿಳಿಯದೆ ನಿಂತರೆ ಪರೀಕ್ಷೆ ಬೇಕು. ಶಾಲೆ ಕಾಣದ ಹಿರಿಯರಿಗೆ ಇಂಥ ದಿನನಿತ್ಯದ ಕೆಲಸಗಳ ಬಗ್ಗೆ ಕೇಳುವುದೇ ಸರಿಯಾದ ಪರೀಕ್ಷೆ. ಓದುಬರಹ ಬೇಡುವ ಪ್ರಶ್ನಾವಳಿಯಲ್ಲಿ ಅಂಕ ಕಡಿಮೆ ಬಂದ ಮಾತ್ರಕ್ಕೆ ಅವರಿಗೆ ರೋಗವಿದೆ ಎಂದು ಬರೆಯಬಾರದು.

ಡಿಮೆನ್ಶಿಯಾ, ಆಲ್‌ಝೈಮರ್ ಎರಡೂ ಒಂದೇನ್ರಿ, ಬ್ಯಾರೆ ಬ್ಯಾರೆನೋ?

ನೆನಪು, ಮಾತು, ಲೆಕ್ಕ, ತೀರ್ಮಾನ ಇವು ಕುಂದಿ ದಿನದ ಬಾಳಿಗೆ ಅಡ್ಡಿಯಾಗುವ ಸ್ಥಿತಿಯನ್ನು ಡಿಮೆನ್ಶಿಯಾ ಎನ್ನುತ್ತಾರೆ. ಅದಕ್ಕೆ ಕಾರಣವಾಗುವ ರೋಗಗಳು ಹಲವು. ಅವುಗಳಲ್ಲಿ ಹೆಚ್ಚು ಕಾಣುವುದು ಆಲ್‌ಝೈಮರ್. ಜರ್ಮನಿಯ ವೈದ್ಯ ಆಲೊಯಿಸ್ ಆಲ್‌ಝೈಮರ್ 1906ರಲ್ಲಿ ಅದನ್ನು ಮೊದಲು ವಿವರಿಸಿದರು. ಮೆದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದರಿಂದ ಬರುವುದು ಇನ್ನೊಂದು ಬಗೆ. ವಯಸ್ಸಾದವರಲ್ಲಿ ಈ ಎರಡೂ ಕೂಡಿಕೊಂಡೇ ಇರುವುದು ಸಾಮಾನ್ಯ.

ಒಮ್ಮಿ ಮರೆವು ಶುರುವಾಯ್ತಂದ್ರ ವಾಪಸ್ ಹೋಗೋದೇ ಇಲ್ಲೇನ್ರಿ?

ಕೆಲವು ಮರೆವುಗಳು ಹೋಗುತ್ತವೆ, ಆದ್ದರಿಂದಲೇ ಮೊದಲ ತಪಾಸಣೆ ಮುಖ್ಯ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿ ಮಂದವಾಗಿರುವುದು, ಖಿನ್ನತೆ, ಬಿದ್ದು ಪೆಟ್ಟಾದ ಮೇಲೆ ತಲೆಬುರುಡೆಯೊಳಗೆ ಕಟ್ಟಿದ ರಕ್ತ, ಮೆದುಳಿನಲ್ಲಿ ನೀರು ತುಂಬುವುದು ಇವೆಲ್ಲ ಡಿಮೆನ್ಶಿಯಾದಂತೆಯೇ ಕಾಣಬಲ್ಲವು. ಬಿ12 ಕೊರತೆಯನ್ನು ನಮ್ಮ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕು. ಪೂರ್ಣ ಸಸ್ಯಾಹಾರದ ಮನೆಯ ಹಿರಿಯರು ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆ ನುಂಗುತ್ತಿದ್ದರೆ ಎರಡು ಕಡೆಯಿಂದಲೂ ಬಿ12 ಇಳಿಯುತ್ತದೆ. ಹಾಲು ಮೊಸರು ಕೈಬಿಟ್ಟವರಲ್ಲಂತೂ ಇನ್ನಷ್ಟು. ಬಿ12, ಥೈರಾಯ್ಡ್, ರಕ್ತದ ಸೋಡಿಯಂ ಮತ್ತು ಸಕ್ಕರೆಯ ಪರೀಕ್ಷೆ, ಬೇಕಾದರೆ ತಲೆಯ ಸ್ಕ್ಯಾನ್, ಇಷ್ಟೂ ಆಗದೆ ‘ಇನ್ನೇನೂ ಮಾಡಲಾಗದು’ ಎಂಬ ಮಾತನ್ನು ಒಪ್ಪಬೇಡಿ.

## ಮನೆತನ ಮತ್ತು ಜೀನು

ಮುತ್ಯಾಗ ಇತ್ತು, ಈಗ ಅಪ್ಪಗ ಬಂದದ. ನನಗೂ ಬಂದೇ ಬರ್ತದೇನ್ರಿ?

ಮುಪ್ಪಿನಲ್ಲಿ, ಅಂದರೆ 65 ದಾಟಿದ ಮೇಲೆ, ಬರುವ ಆಲ್‌ಝೈಮರ್ ಹಾಗೆ ತಪ್ಪದೇ ಇಳಿದುಬರುವ ರೋಗವಲ್ಲ. ತಂದೆ ತಾಯಿಗೆ ಇದ್ದರೆ ಮಕ್ಕಳ ಅಪಾಯ ಇತರರಿಗಿಂತ ಹೆಚ್ಚುತ್ತದೆ, ಆದರೆ ಅಂಥ ಮಕ್ಕಳಲ್ಲಿಯೂ ಎಷ್ಟೋ ಜನರಿಗೆ ಕೊನೆಯವರೆಗೂ ರೋಗ ಬರುವುದಿಲ್ಲ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ರೋಗದೊಡನೆ ನಂಟಿರುವ 75 ಸ್ಥಾನಗಳನ್ನು ನಮ್ಮ ವಂಶವಾಹಿಗಳಲ್ಲಿ ಗುರುತಿಸಿತು. ಅವುಗಳಲ್ಲಿ ಹೆಚ್ಚಿನವು ಒಂದೊಂದೂ ಅಪಾಯವನ್ನು ಕೂದಲೆಳೆಯಷ್ಟು ಮಾತ್ರ ಏರಿಸುವಂಥವು.

ಒಂದು ಮನೆಯಲ್ಲಿ ಮೂರು ತಲೆಮಾರು ಮರೆವು ಕಂಡಾಗ ಜನ ರಕ್ತವನ್ನೇ ದೂರುತ್ತಾರೆ. ಆ ಮೂರು ತಲೆಮಾರಿನವರೂ ಒಂದೇ ಅಡುಗೆಮನೆಯ ಉಪ್ಪು ತಿಂದವರು, ಒಂದೇ ಬಗೆಯ ತಂಬಾಕು ಜಗಿದವರು, ಬಿ.ಪಿ.ಯನ್ನು ಒಂದೇ ರೀತಿ ಅಲಕ್ಷಿಸಿದವರು ಎಂಬುದೂ ಲೆಕ್ಕಕ್ಕೆ ಬರಬೇಕು.

ಮೊಬೈಲ್‌ನಾಗ ಎಪಿಒಇ ಅಂತ ಓದಿದೆ. ಅದೇನ್ರಿ?

ರಕ್ತ ಮತ್ತು ಮೆದುಳಿನಲ್ಲಿ ಕೊಬ್ಬನ್ನು ಸಾಗಿಸುವ ಪ್ರೋಟೀನೊಂದನ್ನು ತಯಾರಿಸುವ ಜೀನ್ ಅದು, 19ನೆಯ ಕ್ರೋಮೋಸೋಮಿನಲ್ಲಿದೆ (ಜೀನುಗಳನ್ನು ಹೊತ್ತ ಎಳೆಯೇ ಕ್ರೋಮೋಸೋಮು). ಅದಕ್ಕೆ ಇ2, ಇ3, ಇ4 ಎಂಬ ಮೂರು ರೂಪಗಳಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲೂ ಎರಡು ಪ್ರತಿಗಳಿರುತ್ತವೆ. ಹೆಚ್ಚಿನವರಲ್ಲಿರುವುದು ಇ3. ಇ4 ಆಲ್‌ಝೈಮರ್ ಅಪಾಯವನ್ನು ಹೆಚ್ಚಿಸುತ್ತದೆ ಎಂದು 1993ರಲ್ಲಿ ತಿಳಿದುಬಂತು. ಇ2 ತುಸು ರಕ್ಷಣೆ ಕೊಡುತ್ತದೆ.

ಇ4 ಒಂದಿದ್ದರೆ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು ಅಪಾಯ ಎಂದು ಎಲ್ಲೆಡೆ ಕಾಣುವ ಅಂಕಿಗಳು ಮುಖ್ಯವಾಗಿ ಯುರೋಪ್ ಮೂಲದ ಜನರಿಂದ ಬಂದವು. ಜನಾಂಗದಿಂದ ಜನಾಂಗಕ್ಕೆ ಈ ಪ್ರಭಾವ ಬದಲಾಗುತ್ತದೆ. ಆಫ್ರಿಕಾ ಮೂಲದವರಲ್ಲಿ ಅದು ಕಡಿಮೆ, ಪೂರ್ವ ಏಷ್ಯಾದವರಲ್ಲಿ ಹೆಚ್ಚು. ಆದ್ದರಿಂದ ಆ ಗುಣಕಗಳನ್ನು ಅಫಜಲಪುರದ ಅಥವಾ ಔರಾದದ ಒಬ್ಬ ವ್ಯಕ್ತಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ಇ4 ಇಲ್ಲದವರಿಗೂ ಆಲ್‌ಝೈಮರ್ ಬರುತ್ತದೆ, ಇ4 ಇದ್ದೂ ತೊಂಬತ್ತರವರೆಗೆ ಚುರುಕಾಗಿರುವವರಿದ್ದಾರೆ.

ಹಂಗಾರ ಉಗುಳು ಕಳಿಸಿ ಜೀನ್ ಟೆಸ್ಟ್ ಮಾಡಿಸಿಬಿಡೋದು ಚಲೋ ಅಲ್ಲೇನ್ರಿ?

ರೋಗಲಕ್ಷಣವಿಲ್ಲದವರು ಎಪಿಒಇ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಸಾಮಾನ್ಯವಾಗಿ ವೈದ್ಯರು ಸಲಹೆ ಮಾಡುವುದಿಲ್ಲ. ಇ4 ಬಂದರೆ ಮಾಡಬೇಕಾದ ಕೆಲಸವೂ ಬರದಿದ್ದರೆ ಮಾಡಬೇಕಾದ ಕೆಲಸವೂ ಒಂದೇ: ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ಹಿಡಿತದಲ್ಲಿಡುವುದು, ತಂಬಾಕು ಬಿಡುವುದು, ನಡೆಯುವುದು. ಅದೇ ದುಡ್ಡಿನಲ್ಲಿ ಒಳ್ಳೆಯ ಬಿ.ಪಿ. ಯಂತ್ರ ತಂದು ಮನೆಯವರೆಲ್ಲ ಅಳೆದುಕೊಳ್ಳುವುದು ಲೇಸು ಎಂದೇ ಹೇಳಬೇಕಾಗುತ್ತದೆ. ಒಬ್ಬರ ಫಲಿತಾಂಶವು ಅಣ್ಣತಮ್ಮಂದಿರ, ಮಕ್ಕಳ ಬಗ್ಗೆಯೂ ಸುಳಿವು ಕೊಡುತ್ತದೆಂಬುದನ್ನು ಮರೆಯಬಾರದು. ಸಂಬಂಧ ಕುದುರಿಸುವ ಹೊತ್ತಿನಲ್ಲಿ ಆ ಸುಳಿವು ಯಾರ ಬಾಯಿಗೆ ಬಿದ್ದು ಏನಾಗುವುದೆಂದು ಹೇಳಲಾಗದು.

ನಲವತ್ತೈದಕ್ಕೇ ನಮ್ಮಣ್ಣಗ ಹಿಂಗಾಗ್ಯದ. ಕಾಕಾಗೂ ಇದೇ ವಯಸ್ಸಿನಾಗ ಆಗಿತ್ತು. ಇದು ಜೀನಿಂದೇನ್ರಿ?

ಇಲ್ಲಿ ಮಾತು ಬೇರೆಯಾಗುತ್ತದೆ. ಎಪಿಪಿ, ಪ್ರೆಸೆನಿಲಿನ್-1 ಮತ್ತು ಪ್ರೆಸೆನಿಲಿನ್-2 ಎಂಬ ಮೂರು ಜೀನುಗಳಲ್ಲಿ ಒಂದು ಕೆಟ್ಟರೆ ಆಲ್‌ಝೈಮರ್ 30ರಿಂದ 60 ವರ್ಷದೊಳಗೇ ಬರಬಹುದು, ಮತ್ತು ಅದು ಪ್ರತಿ ಮಗುವಿಗೂ ಇಳಿಯುವ ಸಾಧ್ಯತೆ ಶೇ. 50. ಆದರೆ ಎಲ್ಲ ಆಲ್‌ಝೈಮರ್ ರೋಗಿಗಳಲ್ಲಿ ಇಂಥವರು ನೂರಕ್ಕೆ ಒಬ್ಬರೂ ಇಲ್ಲ. ಮಧ್ಯವಯಸ್ಸಿನಲ್ಲಿ ಮೊದಲು ನಡತೆ ಬದಲಾಗಿ, ನಾಚಿಕೆ ಸಂಕೋಚ ಕಳೆದು, ಆಮೇಲೆ ಮಾತು ಕುಂದಿದರೆ ಮೆದುಳಿನ ಮುಂಭಾಗದ ಡಿಮೆನ್ಶಿಯಾ ಇರಬಹುದು. ಅದರಲ್ಲಿ ವಂಶದ ಪಾಲು ಹೆಚ್ಚು. ಬಿ.ಪಿ. ಇಲ್ಲದಿದ್ದರೂ ಚಿಕ್ಕ ವಯಸ್ಸಿನಲ್ಲಿ ಅರೆತಲೆನೋವು, ಮತ್ತೆ ಮತ್ತೆ ಲಕ್ವಾ, ನಂತರ ಮರೆವು ಎಂಬ ಕ್ರಮ ಮನೆತನದಲ್ಲಿ ಕಂಡರೆ ನಾಚ್-3 ಜೀನಿನ ಕ್ಯಾಡಸಿಲ್ ರೋಗವನ್ನು ಶಂಕಿಸಬೇಕು. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ಕ್ರೋಮೋಸೋಮು ಮೂರಿರುವುದರಿಂದ, ಎಪಿಪಿ ಜೀನು ಅದರ ಮೇಲೆಯೇ ಇರುವುದರಿಂದ, ಆಲ್‌ಝೈಮರ್ ಬೇಗ ಬರುತ್ತದೆ.

ಇಂಥ ಮನೆತನಗಳಿಗೆ ಜೀನ್ ಪರೀಕ್ಷೆ ಅರ್ಥಪೂರ್ಣ. ಆದರೆ ಮೊದಲು ರೋಗಿಗೆ ಪರೀಕ್ಷೆ, ಅದಕ್ಕೂ ಮುಂಚೆ ತಜ್ಞರೊಡನೆ ವಂಶಾವಳಿ ಬರೆದು ಆಪ್ತಸಮಾಲೋಚನೆ, ಆಮೇಲೆ ಬಯಸಿದ ವಯಸ್ಕ ಮಕ್ಕಳಿಗೆ ಪರೀಕ್ಷೆ ಎಂಬ ಕ್ರಮ ತಪ್ಪಬಾರದು.

ನಮ್ಮಲ್ಲಿ ಸೋದರಮಾವಗ, ಅತ್ತಿ ಮಗಗ ಕೊಡೋದು ರೂಢಿ. ಅದಕ್ಕೇ ಈ ರೋಗ ಹೆಚ್ಚಾಗ್ಯದೇನ್ರಿ?

ರಕ್ತಸಂಬಂಧದಲ್ಲಿ ಮದುವೆಯಾದ ಗಂಡಹೆಂಡಿರಿಗೆ ಆ ಮದುವೆಯಿಂದ ಮರೆವಿನ ಅಪಾಯ ಏರುವುದಿಲ್ಲ. ಪರಿಣಾಮ ಏನಿದ್ದರೂ ಅವರ ಮಕ್ಕಳ ಮೇಲೆ. ಪ್ರೆಸೆನಿಲಿನ್ ಮುಂತಾದ ಜೀನುಗಳಲ್ಲಿ ಕೆಟ್ಟ ಪ್ರತಿ ಒಂದೇ ಸಾಕಾಗುವುದರಿಂದ ಅಲ್ಲಿ ಸೋದರಿಕೆಗೆ ದೊಡ್ಡ ಪಾತ್ರವಿಲ್ಲ. ಎಪಿಒಇ ವಿಷಯದಲ್ಲಿ ಲೆಕ್ಕ ಹಾಕಿ ನೋಡಬಹುದು. ಒಂದು ಜನಸಮುದಾಯದಲ್ಲಿ ಹತ್ತು ಪ್ರತಿಗಳಿಗೆ ಒಂದು ಇ4 ಎಂದು ಹಿಡಿದರೆ, ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ನೂರಕ್ಕೆ ಒಬ್ಬರು ಎರಡು ಇ4 ಪಡೆಯುತ್ತಾರೆ. ಅತ್ತೆ ಮಗ, ಮಾವನ ಮಗಳ ಸಂಬಂಧದಲ್ಲಿ ಅದು ಸುಮಾರು ಒಂದೂವರೆ, ಸೋದರಮಾವನ ಸಂಬಂಧದಲ್ಲಿ ಎರಡಕ್ಕೆ ತುಸು ಮೇಲೆ. ಏರಿಕೆ ಇದೆ, ಆದರೆ ಊರಿನ ಮರೆವನ್ನೆಲ್ಲ ಅದರ ತಲೆಗೆ ಕಟ್ಟುವಷ್ಟಿಲ್ಲ.

ಸೋದರಿಕೆಯಿಂದ ನಿಜವಾಗಿ ಹೆಚ್ಚುವುದು ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ರೋಗಗಳು. ಅವುಗಳಲ್ಲಿ ವಿಲ್ಸನ್ ಕಾಯಿಲೆಯನ್ನು ಹೆಸರಿಟ್ಟು ಹೇಳಲೇಬೇಕು. ಇದರಲ್ಲಿ ದೇಹ ತಾಮ್ರವನ್ನು ಹೊರಹಾಕಲಾರದೆ ಅದು ಯಕೃತ್ತು ಮತ್ತು ಮೆದುಳಿನಲ್ಲಿ ಸೇರುತ್ತದೆ. ಶಾಲೆಗೆ ಹೋಗುವ ಹುಡುಗ ಹುಡುಗಿಯರಲ್ಲಿ ಓದು ಹಿಂದೆ ಬೀಳುವುದು, ಕೈ ನಡುಗುವುದು, ಮಾತು ತೊದಲುವುದು, ಕಾಮಾಲೆ, ಸ್ವಭಾವ ಬದಲಾಗುವುದು ಇದರ ಚಿಹ್ನೆಗಳು. ಇಂಥ ಮಕ್ಕಳನ್ನು ಗಾಳಿ ಸೋಕಿದೆಯೆಂದು ಎಲ್ಲೆಲ್ಲೋ ಸುತ್ತಿಸಿ ಕಾಲ ಕಳೆಯಬಾರದು, ಏಕೆಂದರೆ ಬೇಗ ಹಿಡಿದರೆ ಪೆನಿಸಿಲಮೈನ್ ಮತ್ತು ಸತುವಿನ ಔಷಧಿಗಳಿಂದ ಇದನ್ನು ತಡೆಯಬಹುದು. ಒಂದು ಮಗುವಿಗಿದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಇರುವ ಸಾಧ್ಯತೆ ಶೇ. 25; ಲಕ್ಷಣ ಇಲ್ಲದಿದ್ದರೂ ಅವರೆಲ್ಲರನ್ನೂ ಪರೀಕ್ಷಿಸಬೇಕು.

## ದೀರ್ಘಕಾಲದ ಕಾಯಿಲೆ ಮತ್ತು ಮೆದುಳು

ಸಕ್ರಿ ಬ್ಯಾನಿ, ಬಿ.ಪಿ.ಗೂ ತಲಿಗೂ ಏನ್ ಸಂಬಂಧ್ರಿ?

ಕಣ್ಣಿನ ಪರದೆಯನ್ನೂ ಮೂತ್ರಪಿಂಡವನ್ನೂ ಕೆಡಿಸುವ ಸಕ್ಕರೆ ಮತ್ತು ರಕ್ತದೊತ್ತಡಗಳು ಮೆದುಳಿನ ಕಿರುನಾಳಗಳನ್ನೂ ಬಿಡುವುದಿಲ್ಲ. ಕೈಕಾಲು ಬೀಳಿಸದ ಎಷ್ಟೋ ಸಣ್ಣ ಪಾರ್ಶ್ವವಾಯುಗಳು ಸದ್ದಿಲ್ಲದೆ ಆಗಿಹೋಗಿ, ಮುಂದೆ ಮರೆವಾಗಿ ಕಾಣಿಸಿಕೊಳ್ಳುತ್ತವೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ಬಿ.ಪಿ., ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ಧೂಮಪಾನ, ಮದ್ಯ, ದೇಹಶ್ರಮವಿಲ್ಲದಿರುವುದು, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ಹೊಗೆಗಾಳಿ, ಕಿವುಡು, ದೃಷ್ಟಿ ಮಂದವಾಗುವುದು, ಎಳವೆಯಲ್ಲಿ ಶಾಲೆ ತಪ್ಪುವುದು ಆ ಪಟ್ಟಿಯಲ್ಲಿವೆ. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಹೊಲಕ್ಕೆ ಕಳಿಸಿದ ತಲೆಮಾರು ಈಗ ಮುಪ್ಪಿಗೆ ಬಂದಿದೆ ಎಂಬುದನ್ನು ನೆನೆದರೆ ಈ ಕೊನೆಯ ಕಾರಣ ನಮ್ಮ ಮೂರು ಜಿಲ್ಲೆಗಳಲ್ಲಿ ಎಷ್ಟು ಭಾರವೆಂಬುದು ತಿಳಿಯುತ್ತದೆ.

ಬಿ.ಪಿ.ಯನ್ನು ನಡುವಯಸ್ಸಿನಲ್ಲಿಯೇ ಹಿಡಿಯಬೇಕು. ಬ್ರಿಟನ್ನಿನ ದೀರ್ಘಕಾಲದ ಅಧ್ಯಯನವೊಂದರಲ್ಲಿ, 50ನೆಯ ವಯಸ್ಸಿಗೇ ಮೇಲಿನ ಒತ್ತಡ 130 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಮುಂದೆ ಡಿಮೆನ್ಶಿಯಾ ಹೆಚ್ಚು ಕಂಡಿತು. ‘ನನಗ ಏನೂ ತ್ರಾಸಿಲ್ಲ’ ಎಂದು ಗುಳಿಗೆ ಬಿಡುವವರಿಗೆ ಹೇಳಬೇಕಾದ್ದು ಇದನ್ನೇ. ಊಟದ ಮಟ್ಟಿಗೆ ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಲೆ ಒಳ್ಳೆಯವೇ. ಕೆಡಿಸುವುದು ಅವುಗಳ ಜೊತೆ ಬರುವ ಉಪ್ಪಿನಕಾಯಿ, ಹಪ್ಪಳ, ಮಿರ್ಚಿಭಜಿ ಮತ್ತು ದಿನಕ್ಕೆ ಹಲವು ಸಲದ ಸಕ್ಕರೆ ಚಹಾ.

ಕಿವಿ ಕೇಳ್ಸದಿಲ್ಲ, ಕಣ್ಣಿಗಿ ಮೋತಿಬಿಂದು ಬಂದದ. ಇನ್ನೆಷ್ಟು ದಿನ ಇರ್ತಾಳ ಅಂತ ಬಿಟ್ಟೀವಿ. ತಪ್ಪೇನ್ರಿ?

ಬಿಡಬಾರದು. ಕೇಳದ, ಕಾಣದ ಮೆದುಳಿಗೆ ಕೆಲಸವೂ ಕಡಿಮೆ, ಜನರ ಒಡನಾಟವೂ ಕಡಿಮೆ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮರೆವಿನ ಅಪಾಯ ಹೆಚ್ಚಿದ್ದ ಹಿರಿಯರು ಶ್ರವಣಯಂತ್ರ ಬಳಸಿದಾಗ ಮೂರು ವರ್ಷಗಳಲ್ಲಿ ಅವರ ಬುದ್ಧಿಶಕ್ತಿಯ ಕುಸಿತ ಸುಮಾರು ಅರ್ಧದಷ್ಟು ತಗ್ಗಿತು; ಅಪಾಯ ಕಡಿಮೆಯಿದ್ದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ದಾಲ್ ಮಿಲ್, ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ಸದ್ದಿನಲ್ಲಿ ದುಡಿದವರ ಕಿವಿಯನ್ನು ಬೇಗನೆ ಪರೀಕ್ಷಿಸಬೇಕು.

ಕನ್ನಡ, ಉರ್ದು, ತೆಲುಗು ಎಲ್ಲಾ ಮಾತಾಡಿದ್ರ ಮರೆವು ತಡೀತದಂತ, ಖರೇನಾ?

ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲಿಯೂ ಈ ವ್ಯತ್ಯಾಸ ಇತ್ತು. ಭಾಷೆ ರೋಗವನ್ನು ತಡೆಯಿತೆಂದು ಇದರಿಂದ ಸಾಬೀತಾಗುವುದಿಲ್ಲ, ಲಕ್ಷಣಗಳು ತಡವಾದವು ಎಂದಷ್ಟೇ. ಆದರೂ ಬೀದರಿನ ಓಣಿಯಲ್ಲಿ ನಾಲ್ಕು ಭಾಷೆ ಕಲಸಿ ಹರಟುವ ಹಿರಿಯರನ್ನು ಹರಟೆಯಿಂದ ಎಬ್ಬಿಸಿ ಟಿ.ವಿ. ಮುಂದೆ ಕೂಡಿಸಬೇಡಿ.

## ಕೂಡು ಆರೈಕೆ

ಅವ್ವಗ ಸಕ್ರಿ ಡಾಕ್ಟ್ರು ಬ್ಯಾರೆ, ಹಾರ್ಟ್ ಡಾಕ್ಟ್ರು ಬ್ಯಾರೆ, ಮರೆವಿಗಿ ಇನ್ನೊಬ್ರು. ದಿನಕ್ಕ ಹತ್ತು ಗುಳಿಗಿ ಆಗ್ಯಾವ. ಏನ್ ಮಾಡೋಣ್ರಿ?

ನಮ್ಮ ಭಾಗದ ಡಿಮೆನ್ಶಿಯಾ ರೋಗಿಗಳಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಔಷಧಿಗಳು ಒಂದನ್ನೊಂದು ತುಳಿಯುತ್ತವೆ. ಮರೆವಿಗೆ ಕೊಡುವ ಡೊನೆಪೆಜಿಲ್ ಹೃದಯದ ಬಡಿತವನ್ನು ನಿಧಾನಗೊಳಿಸಬಲ್ಲದು, ಬಿ.ಪಿ.ಗೆಂದು ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ನಡೆಯುತ್ತಿದ್ದರೆ ಎರಡೂ ಸೇರಿ ರೋಗಿ ತಲೆಸುತ್ತಿ ಬೀಳಬಹುದು. ಡೊನೆಪೆಜಿಲ್‌ನಿಂದ ಮೂತ್ರದ ಅವಸರ ಹೆಚ್ಚಿದಾಗ ಅದಕ್ಕೆ ಆಕ್ಸಿಬ್ಯುಟಿನಿನ್ ಬರೆದರೆ, ಅದು ಡೊನೆಪೆಜಿಲ್‌ನ ಕೆಲಸವನ್ನೇ ಅಳಿಸಿ ಮರೆವನ್ನು ಹೆಚ್ಚಿಸುತ್ತದೆ. ನೆಗಡಿಯ ಕ್ಲೋರ್‌ಫೆನಿರಮಿನ್, ತುರಿಕೆಯ ಹೈಡ್ರಾಕ್ಸಿಜಿನ್, ನರನೋವಿನ ಅಮಿಟ್ರಿಪ್ಟಿಲಿನ್, ನಿದ್ದೆಯ ಅಲ್ಪ್ರಜೋಲಾಮ್ ಇವೂ ಹಿರಿಯರ ತಲೆಯನ್ನು ಮಂಕುಗೊಳಿಸುತ್ತವೆ.

ಒಂದೇ ನೋಟ್‌ಬುಕ್ ಇಡಿ. ಅದರಲ್ಲಿ ಎಲ್ಲ ಗುಳಿಗೆಗಳ ಹೆಸರು, ಪ್ರಮಾಣ, ಯಾರು ಯಾವಾಗ ಬರೆದರು, ಬಿ.ಪಿ. ಮತ್ತು ಸಕ್ಕರೆಯ ಅಳತೆ, ಬಿದ್ದ ದಿನ, ರಾತ್ರಿ ಎದ್ದ ದಿನ ಇವನ್ನು ಬರೆದು ಪ್ರತಿ ವೈದ್ಯರಿಗೂ ಅದನ್ನೇ ತೋರಿಸಿ. ಔಷಧಿ ಅಂಗಡಿಯಿಂದ ನೇರವಾಗಿ ತಂದದ್ದನ್ನೂ ನಾಟಿ ಮದ್ದನ್ನೂ ಮುಚ್ಚಿಡಬೇಡಿ. ಒಬ್ಬ ವೈದ್ಯರನ್ನು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ಸರಿ, ‘ನೀವೇ ಒಟ್ಟು ನೋಡ್ರಿ’ ಎಂದು ಕೇಳಿಕೊಂಡು ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ಕತ್ತರಿಸಲು ಹೇಳಿ.

ಸಂಯೋಜನೆಯ ಬೆಲೆಗೆ ನಮ್ಮ ದೇಶದ್ದೇ ಸಾಕ್ಷಿಯಿದೆ. ಸಕ್ಕರೆ ಕಾಯಿಲೆಯ ಜೊತೆ ಖಿನ್ನತೆಯೂ ಇದ್ದ 404 ರೋಗಿಗಳ ಮೇಲೆ ಭಾರತದ ನಾಲ್ಕು ಚಿಕಿತ್ಸಾಲಯಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಒಬ್ಬ ಸಂಯೋಜಕರು ರೋಗಿಯನ್ನು ಹಿಂಬಾಲಿಸಿ ತಜ್ಞರೊಡನೆ ಚರ್ಚಿಸುವ ವ್ಯವಸ್ಥೆಯಿಂದ ಎರಡೂ ಕಾಯಿಲೆಗಳು ಎಂದಿನ ಚಿಕಿತ್ಸೆಗಿಂತ ಚೆನ್ನಾಗಿ ಹತೋಟಿಗೆ ಬಂದವು.

ಮರೆವಿದ್ದವರಿಗೂ ಸಕ್ರಿ ಅಷ್ಟೇ ಕಟ್ಟುನಿಟ್ಟಾಗಿ ಇರಬೇಕೇನ್ರಿ?

ಬೇಡ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 7ಕ್ಕಿಂತ ಕೆಳಗಿರಲಿ ಎಂಬ ಗುರಿ ಆರೋಗ್ಯವಂತರದು. ಡಿಮೆನ್ಶಿಯಾ ಇರುವ ಹಿರಿಯರಿಗೆ ಶೇ. 8ರವರೆಗೆ ಸಡಿಲ ಬಿಡುವುದು ಸಾಮಾನ್ಯ. ಸಕ್ಕರೆ ಕುಸಿಯುವುದೇ ಇವರಿಗೆ ದೊಡ್ಡ ಅಪಾಯ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಮರೆತರೆ, ಇಲ್ಲವೇ ಗುಳಿಗೆ ನುಂಗಿದ್ದು ಮರೆತು ಮತ್ತೆ ನುಂಗಿದರೆ ಪ್ರಜ್ಞೆ ತಪ್ಪಬಹುದು. ಉಪವಾಸ, ರೋಜಾ ಹಿಡಿಯುವ ಹಿರಿಯರ ಔಷಧಿಯನ್ನು ಮೊದಲೇ ವೈದ್ಯರೊಡನೆ ಹೊಂದಿಸಿಕೊಳ್ಳಬೇಕು.

ಬ್ಯಾಸಿಗ್ಯಾಗ ಅಪ್ಪ ಎರಡೇ ದಿನದಾಗ ಏನೇನೋ ಬಡಬಡಿಸ್ಲಿಕ್ಕತ್ತಾನ. ರೋಗ ಒಮ್ಮಿಗೇ ಏರಿತೇನ್ರಿ?

ಡಿಮೆನ್ಶಿಯಾ ಎರಡು ದಿನದಲ್ಲಿ ಏರುವುದಿಲ್ಲ. ಹೀಗೆ ಏಕಾಏಕಿ ಬರುವುದು ಸನ್ನಿ, ಮತ್ತು ಅದು ತುರ್ತುಸ್ಥಿತಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನೀರು ಕಡಿಮೆಯಾಗುವುದು, ಬಿ.ಪಿ.ಯ ನೀರಿನ ಗುಳಿಗೆಯಿಂದ ಸೋಡಿಯಂ ಇಳಿಯುವುದು, ಮೂತ್ರದ ಸೋಂಕು, ಮಲಬದ್ಧತೆ, ಹೊಸ ನಿದ್ದೆಗುಳಿಗೆ ಸಾಮಾನ್ಯ ಕಾರಣಗಳು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇದಕ್ಕ ಬೆಂಗಳೂರು, ಹೈದರಾಬಾದಿಗೇ ಹೋಗಬೇಕೇನ್ರಿ?

ಮೊದಲ ತಪಾಸಣೆಗೆ ಬೇಕಿಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಲ್ಲಿ ಮೆಡಿಸಿನ್ ಅಥವಾ ಮನೋವೈದ್ಯ ವಿಭಾಗದಿಂದ ಶುರುಮಾಡಬಹುದು. ಬಿ.ಪಿ., ಸಕ್ಕರೆಗೆ ಸಮುದಾಯ ಆರೋಗ್ಯ ಕೇಂದ್ರದ ಎನ್‌ಸಿಡಿ (ಸೋಂಕಿನಿಂದ ಹರಡದ ಕಾಯಿಲೆಗಳ) ಕ್ಲಿನಿಕ್ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಕೂಡಿ ನಡೆಸುವ ಬ್ರೈನ್ ಹೆಲ್ತ್ ಕ್ಲಿನಿಕ್ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567, ಎರಡಕ್ಕೂ ಶುಲ್ಕವಿಲ್ಲ. ರೋಗ 65ಕ್ಕಿಂತ ಮೊದಲು ಬಂದಿದ್ದರೆ, ವೇಗವಾಗಿ ಏರುತ್ತಿದ್ದರೆ ಅಥವಾ ವಂಶದ ರೋಗದ ಶಂಕೆ ಇದ್ದರೆ ದೊಡ್ಡ ಕೇಂದ್ರಕ್ಕೆ ಹೋಗಬೇಕು.

ನೋಡ್ಕೊಳ್ಳೋದೆಲ್ಲ ಸೊಸಿ ಒಬ್ಬಾಕಿ ಮ್ಯಾಲ ಬಿದ್ದದ. ಆಕಿಗೂ ಬಿ.ಪಿ. ಶುರುವಾಗ್ಯದ. ಇದಕ್ಕೇನ್ ಉಪಾಯ್ರಿ?

ಆಕೆಯ ಹೆಸರೂ ಅದೇ ನೋಟ್‌ಬುಕ್ಕಿನಲ್ಲಿರಲಿ. ರೋಗಿಯ ಭೇಟಿಯ ದಿನವೇ ಆಕೆಯ ಬಿ.ಪಿ., ಸಕ್ಕರೆ, ನಿದ್ದೆ, ಮನಸ್ಸನ್ನೂ ವೈದ್ಯರು ವಿಚಾರಿಸಬೇಕು. ಗಂಡುಮಕ್ಕಳು ‘ರೊಕ್ಕ ಕಳಸ್ತೀವಿ’ ಎಂದರೆ ಸಾಲದು. ವಾರದಲ್ಲಿ ಇಂತಿಷ್ಟು ರಾತ್ರಿ ತಮ್ಮದೆಂದು ಹಂಚಿಕೊಳ್ಳಬೇಕು.

## ಇನ್ನೂ ಮುಂದಿನ ಪ್ರಶ್ನೆಗಳು

ಅಮೆರಿಕಾದಾಗ ಹೊಸ ಇಂಜೆಕ್ಷನ್ ಬಂದದಂತಲ್ರಿ, ಅದು ನಮಗ ಆಗ್ತದೇನು?

ಲೆಕನೆಮ್ಯಾಬ್ ಔಷಧಿಗೆ 2023ರಲ್ಲಿ, ಡೊನನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದ ಪೂರ್ಣ ಒಪ್ಪಿಗೆ ಸಿಕ್ಕಿತು. ಇವು ಮೆದುಳಿನಲ್ಲಿ ಸೇರಿದ ಅಮಿಲಾಯ್ಡ್ ಪ್ರೋಟೀನನ್ನು ತೆಗೆಯುತ್ತವೆ. ಆರಂಭದ ಹಂತದ ಆಲ್‌ಝೈಮರ್‌ನಲ್ಲಿ ಕುಸಿತವನ್ನು ತುಸು ನಿಧಾನಗೊಳಿಸುತ್ತವೆ, ವಾಸಿ ಮಾಡುವುದಿಲ್ಲ. ಮೆದುಳಿನಲ್ಲಿ ಬಾವು ಮತ್ತು ರಕ್ತಸ್ರಾವ ಇವುಗಳ ಮುಖ್ಯ ಅಡ್ಡಪರಿಣಾಮ, ಎರಡು ಇ4 ಇದ್ದವರಲ್ಲಿ ಅದು ಅತಿ ಹೆಚ್ಚು. ಹೀಗಾಗಿ ಎಪಿಒಇ ಪರೀಕ್ಷೆ ಚಿಕಿತ್ಸೆಯ ತೀರ್ಮಾನಕ್ಕೆ ನಿಜವಾಗಿ ಬೇಕಾಗುವ ಸಂದರ್ಭ ಇದು. ಮತ್ತೆ ಮತ್ತೆ ಎಂ.ಆರ್.ಐ. ಬೇಕಾಗುವುದರಿಂದ, ರಕ್ತ ತೆಳುವಾಗಿಸುವ ಗುಳಿಗೆ ನುಂಗುವ ಹೃದ್ರೋಗಿಗಳಿಗೆ ಅಪಾಯ ಹೆಚ್ಚಾದ್ದರಿಂದ, ನಮ್ಮ ಬಹುಪಾಲು ರೋಗಿಗಳಿಗೆ ಇವು ಸದ್ಯಕ್ಕೆ ಹೊಂದುವುದಿಲ್ಲ. ಇವುಗಳಿಗಾಗಿ ಹೊಲ ಮಾರಬೇಡಿ.

ಅಪ್ಪನ ಹೊಲ, ಬ್ಯಾಂಕಿನ ರೊಕ್ಕ ಹ್ಯಾಂಗ್ರಿ? ಮುಖತ್ಯಾರ ಪತ್ರ ಮಾಡಿಸಿದ್ರ ಸಾಕೇನು?

ಸಾಲದು. ಭಾರತೀಯ ಕರಾರು ಅಧಿನಿಯಮದ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಮುಖತ್ಯಾರ ಪತ್ರ ಕೊನೆಗೊಳ್ಳುತ್ತದೆ, ಅಂದರೆ ಬೇಕಾಗುವ ಹೊತ್ತಿಗೇ ಅದು ಕೈಕೊಡುತ್ತದೆ. ಆದ್ದರಿಂದ ರೋಗ ಆರಂಭದಲ್ಲಿದ್ದು ತಂದೆಗೆ ತಿಳಿವಳಿಕೆ ಇರುವಾಗಲೇ, ಅವರ ಇಚ್ಛೆಯಂತೆ, ಉಯಿಲು ಬರೆಸುವುದು, ಬ್ಯಾಂಕ್ ಖಾತೆಯನ್ನು ಜಂಟಿ ಮಾಡುವುದು, ನಾಮನಿರ್ದೇಶನ ಸರಿಪಡಿಸುವುದು ಆಗಬೇಕು. ಉಯಿಲಿನ ದಿನ ಅವರ ಬುದ್ಧಿ ಸ್ಥಿಮಿತದಲ್ಲಿತ್ತೆಂಬ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಮುಂದೆ ತನಗೆ ಎಂಥ ಮಾನಸಿಕ ಆರೋಗ್ಯ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಮುಂಚಿತವಾಗಿ ಬರೆದಿಡಲು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಆ ಹಂತ ದಾಟಿಹೋಗಿದ್ದರೆ ಪಾಲಕರ ನೇಮಕಕ್ಕೆ ಹೈಕೋರ್ಟಿಗೆ ಅರ್ಜಿ ಹಾಕಬೇಕಾಗಬಹುದು. ಕಲಬುರಗಿಯಲ್ಲಿಯೇ ಹೈಕೋರ್ಟ್ ಪೀಠವಿದೆ, ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತ ಸಲಹೆ ಸಿಗುತ್ತದೆ.